ಪೈಪಿನೊಳಗೆ ಹತ್ತು ವೈರು

ನನ್ನ ಅಕ್ಕನ ಗಂಡನನ್ನು ಊರಿನ ಎಲೆಕ್ಟ್ರಿಷಿಯನ್ನರೆಲ್ಲ ‘ನಲವತ್ತು’ ಎಂದೇ ಕರೆಯುತ್ತಿದ್ದರು. ಗೋಡೆಯೊಳಗಿನ ಪೈಪಿನಲ್ಲಿ ನೂರು ಪಾಲು ಜಾಗವಿದ್ದರೆ ವೈರುಗಳು ನಲವತ್ತು ಪಾಲು ಮಾತ್ರ ತುಂಬಬೇಕು, ಉಳಿದದ್ದನ್ನು ಗಾಳಿಗೆ ಬಿಡಬೇಕು ಎಂಬುದು ಅವರ ಹಟ. ಬಿಡದಿದ್ದರೆ ಕಾವು ಹೊರಗೆ ಹೋಗುವುದಿಲ್ಲ, ಎಳೆಯುವಾಗ ವೈರಿನ ಮೇಲಿನ ಪ್ಲಾಸ್ಟಿಕ್ ತರಚುತ್ತದೆ. ಉಳಿದವರು ಒಳಗಿನ ತಾಮ್ರದ ದಪ್ಪವನ್ನಷ್ಟೇ ಹಿಡಿದು “ಇನ್ನೆರಡು ಹೋಗುತ್ತೆ ಬಿಡಿ” ಎನ್ನುವಾಗ, ಭಾವ ಪ್ಲಾಸ್ಟಿಕ್ ಸಮೇತ ಅಳೆದು ಗಿಲಾವು ಕಾಣದ ಗೋಡೆಯ ಮೇಲೆ ಪೆನ್ಸಿಲಿನಿಂದ ಗುಣಾಕಾರ ಹಾಕುತ್ತಿದ್ದರು. ಒಂದು ವೈರು ಹೆಚ್ಚಾದರೂ ದೊಡ್ಡ ಪೈಪು ಬರುವವರೆಗೆ ಏಣಿ ಹತ್ತುತ್ತಿರಲಿಲ್ಲ. ಪ್ರಯಾಣಕ್ಕೆ ಹೊರಟರೆ ಪೆಟ್ಟಿಗೆಯನ್ನೂ ಪೂರ್ತಿ ತುಂಬಲು ಬಿಡುತ್ತಿರಲಿಲ್ಲವೆಂದು ನನ್ನಕ್ಕ ಗೊಣಗುತ್ತಿದ್ದಳು: “ಪೆಟ್ಟಿಗೇಲಿ ಗಾಳಿ ಹೊತ್ಕೊಂಡು ತಿರುಗೋ ಗಂಡಸನ್ನ ಇವರೊಬ್ಬರನ್ನೇ ನೋಡಿದ್ದು ನಾನು.”

ಹದಿನೆಂಟು ವರ್ಷ ಅವರ ಕೈಕೆಳಗೆ ದುಡಿದವನು ನಾನು. ಅವರು ಒಂದು ತುದಿಯಿಂದ ಎಳೆದರೆ ಇನ್ನೊಂದು ತುದಿಯಿಂದ ತಳ್ಳುವುದು ನನ್ನ ಕೆಲಸ.

ಭಾವನಿಗೆ ಒಬ್ಬಳು ಅಕ್ಕ ಇದ್ದಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು, ನಮಗೆಲ್ಲ ದೊಡ್ಡಕ್ಕ. ಒಬ್ಬಳೇ ಇದ್ದಳು. ದಮ್ಮು ಅವಳನ್ನು ಹಿಂಡಿ ಹಿಪ್ಪೆ ಮಾಡಿತ್ತು. ಆ ಬೇಸಿಗೆಯಲ್ಲಿ ಉಸಿರಾಡಲಾರದೆ ಒದ್ದಾಡುವುದನ್ನು ನೋಡಿ, ಮಲಗುವ ಕೋಣೆಗೆ ಎ.ಸಿ. ಹಾಕಿಸಿ ಎಂದರು ಡಾಕ್ಟರು.

ಆ ಕೋಣೆಗೆ ಹೋಗುವ ಪೈಪಿನಲ್ಲಿ ಆಗಲೇ ಏಳು ವೈರುಗಳಿದ್ದವು. ಎ.ಸಿ.ಗೆ ಇನ್ನೂ ಮೂರು, ಅವೂ ದಪ್ಪನೆಯವು. ಭಾವ ಹಾಳೆಯ ಮೇಲೆ ಲೆಕ್ಕ ಹಾಕಿದರು. ಐವತ್ತೆರಡು ಬಂತು.

“ಆಗಲ್ಲಕ್ಕ. ಗೋಡೆ ಕೊರೆದು ಬೇರೆ ಪೈಪು ಹಾಕ್ಬೇಕು.”

“ಧೂಳೆದ್ರೆ ನಾನು ಉಳೀತೀನೇನೋ?”

“ಎರಡು ದಿನ ನಮ್ಮನೇಲಿರು.”

“ನಿಮ್ಮನೆ ಮಹಡಿ ಹತ್ತೋ ಶಕ್ತಿ ಇದ್ದಿದ್ರೆ ಈ ಎ.ಸಿ. ಯಾಕೆ ಬೇಕಿತ್ತೋ ಪುಟ್ಟ?” ಎಂದವಳು ಮಾತು ಮುಗಿಸಲಾರದೆ ಕೆಮ್ಮಿದಳು. ತುಟಿ ನೀಲಿಗಟ್ಟಿತ್ತು. “ಊರಿಗೆಲ್ಲ ಲೆಕ್ಕ ಹೇಳು. ನನಗೊಂದಿಷ್ಟು ಉಸಿರು ಕೊಡೋ.”

ಭಾವ ನನ್ನ ಮುಖ ನೋಡಿದರು. ಬೇಡ ಎನ್ನಬಹುದಿತ್ತು. ನಾನು ಬಚ್ಚಲಿಗೆ ಹೋಗಿ ಸೋಪು ತಂದೆ.

ಸೋಪು ಸವರಿ ತಳ್ಳಿದೆ, ಅವರು ಎಳೆದರು. ಮೂಲೆಯ ತಿರುವಿನಲ್ಲಿ ವೈರು ಕಚ್ಚಿಕೊಂಡಿತು. ಭಾವ ಗೋಡೆಗೆ ಕಾಲು ಕೊಟ್ಟು ಜಗ್ಗಿದರು. ಏನೋ ಹೆರೆದುಹೋದದ್ದು ನನ್ನ ಬೆರಳಿಗೂ ತಿಳಿಯಿತು. ಅಂಥ ವೈರನ್ನು ಎಳೆದು ಬಿಸಾಡಬೇಕೆಂದು ನನಗೆ ಕಲಿಸಿದವರು ಅವರೇ. ಅಂದು ಅದನ್ನೇ ಸ್ವಿಚ್ ಬೋರ್ಡಿಗೆ ಜೋಡಿಸಿದೆವು. ತಣ್ಣನೆಯ ಗಾಳಿ ಬಂದಾಗ ದೊಡ್ಡಕ್ಕ ತಮ್ಮನ ತಲೆ ಸವರಿದಳು.

ಮಳೆಗಾಲ ಬಂದ ಮೇಲೆ ಗೋಡೆ ಕೊರೆಯೋಣ ಎಂದುಕೊಂಡಿದ್ದೆವು. ಇಪ್ಪತ್ತಮೂರನೆಯ ದಿನ ಮಧ್ಯಾಹ್ನ ಸ್ವಿಚ್ ಬೋರ್ಡಿನ ಹಿಂದೆ ಹೊತ್ತಿದ ಕಿಡಿ ಪರದೆಗೆ ಹಿಡಿಯಿತು. ಬೆಂಕಿ ಅವಳನ್ನು ಮುಟ್ಟಲೇ ಇಲ್ಲ. ಆ ಎದೆಗೆ ಹೊಗೆಯೇ ಸಾಕಾಯಿತು.

ತನಿಖೆಗೆ ಬಂದ ಅಧಿಕಾರಿ ಒಂದು ಕಾಲಕ್ಕೆ ಭಾವನ ಬಳಿಯೇ ಕೆಲಸ ಕಲಿತವನು. ಗೋಡೆ ಒಡೆಸಿ ಪೈಪು ಸೀಳಿದ. ಹತ್ತೂ ವೈರು ಕರಗಿ ಒಂದೇ ಮುದ್ದೆಯಾಗಿದ್ದವು.

“ಯಾವ ಮುಠ್ಠಾಳ ತುರುಕಿದ್ದು ಇದನ್ನ?” ಎಂದ.

“ನಾನೇ,” ಎಂದರು ಭಾವ.

ಅವನು ಮರುಕದಿಂದ ಅವರ ತೋಳು ಹಿಡಿದುಕೊಂಡ. “ಮೇಷ್ಟ್ರೇ, ಸಂಕಟದಲ್ಲಿ ಏನೇನೋ ಮಾತಾಡ್ಬೇಡಿ. ನೀವು ಹೀಗೆ ಮಾಡಿದ್ರಿ ಅಂದ್ರೆ ಯಾರು ನಂಬ್ತಾರೆ?”

“ಸುಳ್ಳಲ್ಲಪ್ಪ, ನಾನೇ ಎಳೆದದ್ದು. ಬರ್ಕೋ.”

ಅವನು ನನ್ನ ಕಡೆ ತಿರುಗಿದ. “ನೀವು ಹೇಳಿ, ಇದು ಇವರ ಕೆಲಸಾನಾ?”

ಭಾವ ನನ್ನನ್ನೇ ನೋಡುತ್ತಿದ್ದರು. ಬದುಕಿನಲ್ಲಿ ಅವರು ನನ್ನನ್ನು ಏನನ್ನಾದರೂ ಬೇಡಿದ್ದರೆ ಅದು ಅವತ್ತು ಮಾತ್ರ. ನನಗೆ ಜೈಲು ಕಂಡಿತು, ನನ್ನಕ್ಕನ ಮುಖ ಕಂಡಿತು. ಸುಳ್ಳೇಕೆ, ಎಲ್ಲಕ್ಕಿಂತ ಮೊದಲು ಸೋಪು ಹಿಡಿದ ನನ್ನ ಕೈ ಕಂಡಿತು.

“ಅಲ್ಲ ಸರ್,” ಎಂದೆ. “ಯಾರೋ ಹೊರಗಿನವನು. ಹೆಸರು ಗೊತ್ತಿಲ್ಲ.”

ಅಧಿಕಾರಿ ಹಾಗೆಯೇ ಬರೆದುಕೊಂಡ.

ಮನೆಗೆ ನಡೆದು ಬಂದೆವು. ದಾರಿಯುದ್ದಕ್ಕೂ ಅವರನ್ನು ಉಳಿಸಿದೆನೆಂದೇ ನಾನು ಒಳಗೊಳಗೆ ಹೇಳಿಕೊಳ್ಳುತ್ತಿದ್ದೆ. ಬಾಗಿಲ ಬಳಿ ಭಾವ ನಿಂತರು. ಕೋಪವಿರಲಿಲ್ಲ, ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

“ಶಿಕ್ಷೆ ಅಂತ ಒಂದು ಆಗಿದ್ರೆ, ಒಂದಲ್ಲ ಒಂದು ದಿನ ಮುಗೀತಿತ್ತು ಕಣೋ,” ಎಂದರು. “ಇನ್ನು ಇದಕ್ಕೆ ಕೊನೆಯೇ ಇಲ್ಲದ ಹಾಗೆ ಮಾಡ್ಬಿಟ್ಟೆ.”