ಮಸ್ಕಿ ಕೆರೆಯ ಬಿಳಿ ಬೂದಿ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ಲಿಂಗಸುಗೂರಿನಲ್ಲಿ ಸರ್ಕಾರದ ಸಹಾಯಕ ಜಿಯಾಲಜಿಸ್ಟ್. ಬಂಗಾರದ ಕಲ್ಲು ಹುಡುಕುವುದು ನನ್ನ ಕೆಲಸ. ಆ ಬೇಸಿಗೆ ಮಸ್ಕಿ ಹತ್ತಿರದ ಒಣಗಿದ ಕೆರೆಯಲ್ಲಿ ಗುಂಡಿ ತೋಡಿಸುವಾಗ, ಕರಿ ಹೂಳಿನ ನಡುವೆ ಬೆರಳು ದಪ್ಪದ ಬಿಳಿ ಗೆರೆ ಕಂಡಿತು. ಭೂತಗನ್ನಡಿ ಹಿಡಿದರೆ ಗಾಜಿನ ಪುಡಿಯ ಹೊಳಪು, ಜ್ವಾಲಾಮುಖಿಯ ಬೂದಿಗೆ ಇರುವಂಥದು. ಈ ಸೀಮೆಯಲ್ಲಿ ಜ್ವಾಲಾಮುಖಿ ಎಲ್ಲಿಂದ ಬರಬೇಕು? ಸಮುದ್ರದಾಚೆ ಯಾವುದೋ ಬೆಟ್ಟ ಸಿಡಿದು, ಬೂದಿ ಗಾಳಿಯಲ್ಲಿ ಬಂದು ಇಲ್ಲಿ ಬಿದ್ದಿರಬೇಕು.

ಕೆರೆಯ ತಳದಲ್ಲಿ ಮಳೆಗಾಲಕ್ಕೊಂದು ತೆಳು ಹೂಳು ಕೂರುತ್ತದೆ. ಬೂದಿಯ ಮೇಲಿನ ಹೂಳನ್ನು ಅಳೆದರೆ ಬೆಟ್ಟ ಸಿಡಿದ ಕಾಲದ ಅಂದಾಜು ಸಿಗುತ್ತದೆ. ಆದರೆ ಪದರ ಇದ್ದಲ್ಲೇ ಇರಬೇಕು. ಅದನ್ನು ಹೈದರಾಬಾದಿನಲ್ಲಿದ್ದ ನನ್ನ ಮೇಲಧಿಕಾರಿ ಸಾಹೇಬರಿಗೆ ಕಣ್ಣಾರೆ ತೋರಿಸಿದರೆ ನನ್ನ ಜನ್ಮ ಸಾರ್ಥಕ ಅಂದುಕೊಂಡೆ. ಒಂದೇ ಬಾಟಲಿ ಮಾದರಿ ತುಂಬಿಕೊಂಡೆ. ಗುಂಡಿಯ ಸುತ್ತ ನೆರೆದವರು ಏನ್ರೀ ಇದು ಎಂದಾಗ, ಮುಗಿಲಿನಿಂದ ಬಿದ್ದ ಬೂದಿ ಎಂದೆ. ಸಾಹೇಬರಿಗೆ ತಂತಿ ಕೊಡಲು ಲಿಂಗಸುಗೂರಿಗೆ ಹೋದೆ.

ಮಸ್ಕಿಯಲ್ಲಿ ಆಗ ಮಕ್ಕಳಿಗೆ ಜ್ವರ ಹರಡಿತ್ತು. ತಿರುಗಿ ಬರುವಷ್ಟರಲ್ಲಿ ಸಿಂಧನೂರಿನಿಂದಲೂ ಬಂಡಿ ಕಟ್ಟಿಕೊಂಡು ಬಂದವರು ಗೆರೆಯನ್ನು ಪೂರ್ತಿ ಕೆರೆದು ಒಯ್ದಿದ್ದರು. ಕಾವಲಿಗಿದ್ದ ಹುಸೇನಸಾಬ ತಲೆ ತಗ್ಗಿಸಿ ನಿಂತಿದ್ದ.

"ಕೂಸುಗಳನ್ನ ಎತ್ಕೊಂಡು ಬಂದಾರ್ರೀ ಸಾಹೇಬ್ರ. ದೇವರ ವಿಭೂತಿ ಅಂತಾರ. ಯಾರನ್ನಂತ ತಡೀಲಿ ನಾ?"

ಸಿಟ್ಟು ನೆತ್ತಿಗೇರಿತು. ಕೆರೆಯಲ್ಲಿ ಬೇರೆ ಕಡೆ ಅಗೆಸಿದೆ, ಬರೀ ಹೂಳು. ಆ ಸಂಜೆ ನಮಗೆ ರೊಟ್ಟಿ ಬಡಿದು ಕೊಡುತ್ತಿದ್ದ ಬಸಮ್ಮ ಬಂದಳು. ಮಗಳಿಗೆ ಜ್ವರ ಬಿಟ್ಟಿರಲಿಲ್ಲ.

"ಎಲ್ಲಾರೂ ಒಯ್ದ್ರು, ನನಗ ಸಿಗಲಿಲ್ಲರೀ. ನಿಮ್ಮ ಬಾಟ್ಲ್ಯಾಗ ಐತಂತ."

"ಅದು ಔಷಧಿ ಅಲ್ಲ ತಾಯಿ. ಬರೀ ಕಲ್ಲಿನ ಬೂದಿ," ಎಂದೆ.

"ಮುಗಿಲಿಂದ ಬಿದ್ದದ್ದಂತ ನೀವ ಹೇಳೀರಲ್ರೀ."

ನಾನು ಸುಳ್ಳೇನೂ ಹೇಳಿರಲಿಲ್ಲ. ಬಾಟಲಿ ಅವಳ ಕೈಗಿಟ್ಟೆ.

ಸಾಹೇಬರು ಬಂದು ಖಾಲಿ ಗುಂಡಿ ನೋಡಿದರು. ಈ ಸೀಮೆಯಲ್ಲಿ ಹಳೇ ಕಾಲದವರು ಸಗಣಿ ಸುಟ್ಟ ಬೂದಿಯ ದಿಬ್ಬಗಳು ಬೇಕಾದಷ್ಟಿವೆ, ಇದೂ ಅದೇ ಇರಬೇಕು ಎಂದರು. ಪದರ ಹೋದರೆ ಹೋಗಲಿ, ಚಿಟಿಕೆ ಬೂದಿ ಇದ್ದರೂ ಮೈಕ್ರೋಸ್ಕೋಪಿನಲ್ಲಿ ಗಾಜೋ ಸಗಣಿಯೋ ತಿಳಿಯುತ್ತದೆ, ಎಂದೂ ಸೇರಿಸಿದರು.

ಬಾಟಲಿಯ ತಳದಲ್ಲಿ ಅಷ್ಟಾದರೂ ಉಳಿದಿರಬಹುದೆಂದು ಬಸಮ್ಮನ ಮನೆಗೆ ಹೋದೆ. ಅಂಗಳದಲ್ಲಿ ಜನ ಕೂತಿದ್ದರು. ವಿಷಯ ತಿಳಿಯಿತು. ಏನೂ ಕೇಳದೆ ಹಿಂದಿರುಗುತ್ತಿದ್ದೆ, ಅವಳೇ ಎದ್ದು ಒಳಗೆ ಹೋಗಿ ಬಾಟಲಿ ತಂದಳು.

"ಕೂಸು ಹೋತ್ರೀ. ಸರ್ಕಾರದ ಬಾಟ್ಲಿ ಅಂತ ತೊಳ್ದು ಇಟ್ಟೀನಿ."

ಒಳಗೆ ಒಂದು ಕಣವೂ ಇರಲಿಲ್ಲ. ಮರುದಿನ ಸಾಹೇಬರು ಕೆಲಸ ಮುಚ್ಚಿಸಿದರು. ಮಳೆ ಬಂದು ಕೆರೆ ತುಂಬಿತು. ಆ ಬೆಟ್ಟ ಎಂದು ಸಿಡಿಯಿತೋ ನನಗೆ ಇಂದಿಗೂ ಗೊತ್ತಿಲ್ಲ.

ನಿವೃತ್ತನಾಗುವವರೆಗೂ ಕೈಕೆಳಗೆ ಬಂದ ಹೊಸಬರಿಗೆಲ್ಲ, ಮಾದರಿ ಎರಡು ಬಾಟಲಿ ತುಂಬಿ ಎನ್ನುತ್ತಿದ್ದೆ. ಒಂದು ಕಚೇರಿಗೆ. ಇನ್ನೊಂದು ಯಾರಾದರೂ ಬಂದು ಕೇಳಿದರೆ ಕೊಡಲಿಕ್ಕೆ.