ನೆಲಕ್ಕೆ ನಾಲ್ಕು ಬೆರಳು

ಇಂದು ಬೆಳಿಗ್ಗೆ ಬಾಗಿಲಿಗೆ ಬಂದ ಪೊಟ್ಟಣವನ್ನು ಬಿಚ್ಚಿದೊಡನೆ ಅರಿಸಿನ, ಮಜ್ಜಿಗೆ, ಎಣ್ಣೆ ಕುಡಿದ ಅಖಾಡದ ಕೆಮ್ಮಣ್ಣಿನ ವಾಸನೆ ಮೂಗಿಗೆ ಅಡರಿತು. ಒಳಗಿದ್ದದ್ದು ಬಾಕ್ಸಿಂಗ್ ಆಡುವವರು ಕೈಗವಸಿನೊಳಗೆ ಸುತ್ತಿಕೊಳ್ಳುವ ಬಟ್ಟೆಯ ಹಳೆಯ ಪಟ್ಟಿ; ಜೊತೆಗೆ, ಒಂದು ಕಾಲಕ್ಕೆ ಅದನ್ನೇ ಸುತ್ತಿಕೊಂಡು ಆಡಿದ ರಫೀಕನ ಚೀಟಿ. "ಮಾಸ್ತರ್ರಿ, ಹೋದ ವರ್ಷ ಹುಮನಾಬಾದದಾಗ ನೆಲಕ್ಕ ಬಿದ್ದ, ನನ್ನ ಕಡೆ ಕಲಿಯೋ ರಾಜೇಶ್ವರದ ಸಂಗೀತಾ ಇವತ್ತ ಸಂಜಿಗೆ ಅಲ್ಲೇ ಮತ್ತ ಆಡಾಕತ್ತಾಳ. ಗಂಟಿ ನೀವೇ ಹೊಡೀಬೇಕು."

ಎಪ್ಪತ್ತೆರಡರ ಎದೆ ಹೀಗೆ ಹಾರಬಾರದು, ಹಾರಿತು. ಹುಮನಾಬಾದ ಎಂದರೆ ನನ್ನ ರಕ್ತ ಕುದಿಯುವುದಕ್ಕೆ ಕಾರಣವಿದೆ. ಹೇಳುತ್ತೇನೆ, ಕೇಳಿ.

ನಾನು ಬಸವಕಲ್ಯಾಣದಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದವನು. ಗೆರೆ ಕೂದಲೆಳೆಯಷ್ಟು ಸೊಟ್ಟಗಾದರೂ ನಿದ್ದೆ ಬಾರದ ಜೀವ. ಆ ಗುಣವನ್ನು ಕಂಡೇ ಊರ ತಾಲೀಮಿನವರು, ಎಂದರೆ ಗರಡಿಮನೆಯವರು, ಪಂದ್ಯಗಳ ಸಮಯ ನೋಡಲು ನನ್ನ ಕೈಗೆ ಗಡಿಯಾರವನ್ನೂ ಹಿತ್ತಾಳೆಯ ಗಂಟೆಯನ್ನೂ ಕೊಟ್ಟರು. ಅದೇ ಗುಣದಿಂದ ನನಗಾದ ಅವಮಾನಗಳನ್ನೂ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಹುಲಸೂರಿನ ಮದುವೆಯೊಂದರಲ್ಲಿ ನನಗೆ ಕುರ್ಚಿ ಕೊಡದೆ ನನ್ನ ಛತ್ರಿಗೆ ಕೊಟ್ಟವರ ಹೆಸರು ಇಂದಿಗೂ ಅದರಲ್ಲಿದೆ.

ರಫೀಕ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವ ಮನೆಯವನು. ಕುಸ್ತಿಯ ಅಖಾಡದಲ್ಲಿ ಬೆಳೆದು ಆಮೇಲೆ ಬಾಕ್ಸಿಂಗಿಗೆ ಬಂದವನು. ಅಖಾಡದ ಪದ್ಧತಿ ನಿಮಗೆ ಗೊತ್ತಿರಬಹುದು: ಎದುರಾಳಿಯಿಂದ ಬಿಡಿಸಿಕೊಂಡು ಮತ್ತೆ ಹಿಡಿಯುವ ಮುನ್ನ ಪೈಲ್ವಾನ ಬಗ್ಗಿ ಒಂದು ಚಿಟಿಕೆ ಮಣ್ಣು ಮುಟ್ಟಿಕೊಳ್ಳುತ್ತಾನೆ. ಎಷ್ಟೋ ವರ್ಷಗಳ ಹಿಂದೆ ಹುಮನಾಬಾದಿನಲ್ಲಿ ಅವನಾಡಿದ ಪಂದ್ಯದ ಎರಡನೆಯ ಸುತ್ತಿನಲ್ಲಿ ರೆಫರಿ ಇಬ್ಬರನ್ನೂ ಬಿಡಿಸಿ, ಮತ್ತೆ ಆಡಿ ಎಂದ. ರಫೀಕ ಬಗ್ಗಿದ. ಮಣ್ಣೇ ಇಲ್ಲದ ರಿಂಗಿನಲ್ಲಿ ಮಣ್ಣಿಗಾಗಿ ಬಗ್ಗಿದ! ಎದುರಾಳಿಯ ಎಡಮುಷ್ಟಿ ಅವನ ಗದ್ದಕ್ಕೆ ತಗುಲಿತು. ಹತ್ತು ಎಣಿಸಿದರೂ ಅವನಿಗೆ ಎಚ್ಚರವಿರಲಿಲ್ಲ.

ಕೈ ನೆಲ ಮುಟ್ಟಿದವನನ್ನು ಹೊಡೆಯುವಂತಿಲ್ಲ. ನಮ್ಮವರೆಲ್ಲ "ಮುಟ್ಟಿತ್ತು, ಮುಟ್ಟಿತ್ತು" ಎಂದು ಕೂಗಿದರು. ರೆಫರಿ ನನ್ನ ಮೇಜಿಗೆ ಬಂದ.

"ಮಾಸ್ತರ್ರಿ, ನೀವು ಸಮೀಪ ಇದ್ರಿ. ಕೈ ನೆಲಕ್ಕ ಹತ್ತಿತ್ತೇನು?"

"ಇಲ್ರಿ. ನಾಲ್ಕ ಬೆರಳ ಅಂತರ ಇತ್ತು."

ಅಲ್ಲಿಗೆ ಮುಗಿಯಿತು. ಆಗ ಮೈಕು ಹಿಡಿದಿದ್ದ ಮಹಾಶಯನ ಮಾತು ಅಕ್ಷರಶಃ ಹೀಗಿತ್ತು: "ಕಲ್ಯಾಣದ ಪೈಲ್ವಾನರದ್ದು ಏನೋ ಕಳದಿತ್ತಂತ್ರಿ. ಹುಡುಕಾಕ ಬಗ್ಗಿದ್ರು, ಅಲ್ಲೇ ಮಲಗೇಬಿಟ್ರು!" ಇಡೀ ಮೈದಾನ ನಕ್ಕಿತು. ಮರಳುವ ಜೀಪಿನಲ್ಲಿ ನಮ್ಮವರೊಬ್ಬರೂ ನನ್ನೊಡನೆ ಮಾತಾಡಲಿಲ್ಲ. ಎರಡನ್ನೂ ಬರೆದಿಟ್ಟೆ.

ವೈದ್ಯರು ಹಲವು ತಿಂಗಳು ಕೈಗವಸು ಮುಟ್ಟಬಾರದೆಂದರು. ರಫೀಕ ಕಲಾಯಿಯ ಒಲೆಯ ಮುಂದೆ ಕುಳಿತ. ಮರಳಿ ಬಂದಾಗ ಮುಷ್ಟಿಗಳೇನೋ ಚುರುಕಾಗಿದ್ದವು; ಆದರೆ ಬಿಡಿಸಿದ ಕೂಡಲೇ ಬೆನ್ನು ಬಾಗುತ್ತಿತ್ತು. ನಾನು ಅಳತೆ ಮಾಡಿ ಬಿದಿರು ತರಿಸಿ ಅವನ ಬೆನ್ನಿಗೆ ಕಟ್ಟಿದೆ. ದಾರಿಹೋಕರು ನಿಂತು, "ಏನ್ ಮಾಸ್ತರ್ರಿ, ಹೊಲದಾಗ ಹಕ್ಕಿ ಓಡ್ಸಾಕ ನಿಂದರ್ಸಾವ್ರೇನು?" ಎಂದರು. ಮೂರನೆಯ ವಾರ ಬಿದಿರು ಮುರಿಯಿತು; ಅಭ್ಯಾಸ ಮುರಿಯಲಿಲ್ಲ.

ಮಗನಿಗೆ ಬುತ್ತಿ ತಂದಿದ್ದ ರಫೀಕನ ತಾಯಿ ಇದನ್ನೆಲ್ಲ ನೋಡುತ್ತಿದ್ದರು. "ಮಾಸ್ಟರ್ ಸಾಬ್, ಅಂವಾ ಮಣ್ಣ ಬೇಡಾಕತ್ತಾನ, ನೀವು ಬಿದರ ಕೊಡಾಕತ್ತೀರಿ. ಮಣ್ಣ ಮೊದಲೇ ಕೊಟ್ಟಬಿಡ್ರಲ್ಲ!" ಎಂದರು. ಮಗನ ಎರಡೂ ಅಂಗೈಗಳನ್ನು ಅಖಾಡದ ಮಣ್ಣಿಗೆ ಒತ್ತಿಸಿ, ಸೆರಗಿನಿಂದ ಒರೆಸಿ, ಮೇಲೆ ಪಟ್ಟಿ ಸುತ್ತಿದರು. "ಮಣ್ಣ ನಿನ್ನ ಕೈಯಾಗೇ ಐತಿ, ಬೇಟಾ. ಈಗ ಯಾಕ ಬಗ್ತಿ?" ನಾನು ಗಂಟೆ ಬಾರಿಸಿದೆ. ಆಡಿದ, ಬಿಡಿಸಿದರು, ನೆಟ್ಟಗೆ ನಿಂತ!

ಮರುವರ್ಷ ಅದೇ ಊರು, ಅದೇ ಎದುರಾಳಿ, ಅದೇ ಮೈಕು. ನನ್ನ ಅಂಗೈ ಬೆವತು ಗಡಿಯಾರ ಜಾರುತ್ತಿತ್ತು. ಎರಡನೆಯ ಸುತ್ತಿನಲ್ಲಿ ರೆಫರಿ ಬಿಡಿಸಿದ. ಎದುರಾಳಿ ರಫೀಕನ ಬೆನ್ನು ಬಾಗುವುದನ್ನೇ ಕಾಯುತ್ತಿದ್ದ. ಬಾಗುವ ಗದ್ದಕ್ಕೆಂದು ಎಡಗೈಯನ್ನು ಕೆಳಗಿನಿಂದ ಬೀಸಿದ. ಗದ್ದ ಅಲ್ಲಿರಲಿಲ್ಲ! ಬರಿಗಾಳಿಗೆ ಹೊಡೆದು ಮುಗ್ಗರಿಸಿದವನ ಮೇಲೆ ರಫೀಕನ ಬಲಗೈ ಬಿತ್ತು. ಎಂಟು, ಒಂಬತ್ತು, ಹತ್ತು! ಸಮಯಪಾಲಕ ಕುರ್ಚಿ ಬಿಟ್ಟು ಏಳಬಾರದು; ನಾನು ಕುರ್ಚಿಯ ಮೇಲೆಯೇ ಹತ್ತಿ ನಿಂತಿದ್ದೆನಂತೆ. ಮೈಕಿನವನ ಕಡೆ ನೋಡಿದೆ. ಅವನು ನೀರು ಕುಡಿಯುತ್ತಿದ್ದ. ಅದನ್ನೂ ಬರೆದಿಟ್ಟೆ. ಆಮೇಲೆ ಒಂಬತ್ತು ವರ್ಷ ರಫೀಕನನ್ನು ಯಾರೂ ನೆಲಕ್ಕೆ ಕೆಡವಲಿಲ್ಲ.

ಈ ದಿನ ಹೊರಡುವ ಮುನ್ನ, ಹಳೆಯ ಸಿಟ್ಟನ್ನು ಬಿಸಿ ಮಾಡಿಕೊಳ್ಳಲೆಂದು ಆ ದಿನಚರಿಯನ್ನು ತೆಗೆದೆ. ಮೈಕಿನವನ ಮಾತು ಇತ್ತು, ಜೀಪಿನ ಮೌನವೂ ಇತ್ತು. ಅದೇ ಪುಟದ ತಲೆಯಲ್ಲಿ, ಪಂದ್ಯಕ್ಕೆ ಮುಂಚೆ ನನ್ನದೇ ದುಂಡಕ್ಷರದಲ್ಲಿ ಬರೆದಿದ್ದ ಇನ್ನೊಂದು ಸಾಲಿತ್ತು: "ರಫೀಕ ಹೆದರಿದ್ದಾನೆ. 'ಅಖಾಡ ಅಂತ ತಿಳಕೊಂಡು ಆಡು, ಏನೂ ಮರೀಬ್ಯಾಡ' ಎಂದು ಧೈರ್ಯ ಹೇಳಿದೆ."

ಇಷ್ಟು ವರ್ಷ ಆ ಪುಟವನ್ನು ಅದೆಷ್ಟು ಸಲ ಓದಿದ್ದೇನೆ! ಪ್ರತಿ ಸಲವೂ ಎರಡನೆಯ ಸಾಲಿನಿಂದ.

ಹುಮನಾಬಾದಿನಲ್ಲಿ ರಫೀಕ ಸಂಗೀತಾಳ ಕೈಗೆ ಪಟ್ಟಿ ಸುತ್ತುತ್ತಿದ್ದ. ಪಕ್ಕದಲ್ಲಿ ಡಬ್ಬಿಯ ತುಂಬ ಮಣ್ಣು. "ರಫೀಕ, ಆ ದಿನ ನಿನ್ನ ಬಗ್ಗಿಸಿದಾಂವ ನಾನೇ ಅಲ್ಲೇನೋ?" ಎಂದೆ.

ಅವನು ತಲೆಯೆತ್ತಲಿಲ್ಲ. "ಹೌದ್ರಿ ಮಾಸ್ತರ."

"ಗೊತ್ತಿತ್ತೇನು? ಒಮ್ಮೆನೂ ಅನ್ನಲಿಲ್ಲಲ್ಲೋ."

"ನೀವು ಬರಕೊಂಡು ಕುಂಡರ್ತೀರಿ ಅಂತ ಹೆದರಿಕಿ ಇತ್ರಿ," ಎಂದು ನಕ್ಕ. ಸಂಗೀತಾಳೂ ನಕ್ಕಳು.

ಅವಳು ಹಗ್ಗ ದಾಟಿ ಒಳಗೆ ಹೋದಳು. ಡಬ್ಬಿಯ ಕಡೆ ಬಗ್ಗಿ ಮಣ್ಣು ಮುಟ್ಟಿದೆ, ಧೋತರಕ್ಕೆ ಒರೆಸಿಕೊಂಡೆ, ಗಂಟೆ ಬಾರಿಸಿದೆ.