ಹಸಿರು ಬಳಿದ ಒಣ ಬಯಲು

೨೦೧೪ರಲ್ಲಿ ನಾನು ಸಿಯಾಟಲ್ ಪಕ್ಕದ ಓವರ್‌ಲೇಕ್‌ನಲ್ಲಿ, ನಕ್ಷೆ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಸೀನಿಯರ್ ಡಿಸೈನರ್ ಆಗಿದ್ದೆ. ಆ ವರ್ಷ ನಮಗೊಂದು ದೊಡ್ಡ ಕೆಲಸ ಬಂತು. ಪ್ರವಾಸಿಗರ ಸ್ವಾಗತ ಕೇಂದ್ರವೊಂದಕ್ಕೆ ಗೋಡೆ ತುಂಬುವಂಥ ವಾಷಿಂಗ್ಟನ್ ರಾಜ್ಯದ ನಕ್ಷೆ ಬೇಕಿತ್ತು. ಅದನ್ನು ಮಾಡಿದವರೇ ಮುಂದಿನ ಟೀಮ್ ಲೀಡ್ ಎಂಬುದು ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರ್ ಕ್ಯಾರೆನ್ ಅದನ್ನು ಪ್ರಸನ್ನನಿಗೆ ಕೊಟ್ಟಳು. ಮೈಸೂರಿನವನು, ನನಗಿಂತ ಚಿಕ್ಕವನು. ಅವನಿಗೆ ಕೆಲಸ ಕಲಿಸಿದವಳೇ ನಾನು. ನನಗೆ ಹೊಟ್ಟೆ ಉರಿಯಿತು. ಅವನು ಕಾಫಿ ತಂದುಕೊಟ್ಟರೂ ಉರಿಯಿತು, ತರದಿದ್ದರೂ ಉರಿಯಿತು.

ಆ ರಾಜ್ಯವನ್ನು ಕ್ಯಾಸ್ಕೇಡ್ ಪರ್ವತಸಾಲು ಎರಡಾಗಿ ಸೀಳುತ್ತದೆ. ಪಶ್ಚಿಮಕ್ಕೆ ಸಮುದ್ರ, ಮಳೆ, ಸಿಯಾಟಲ್, ನಮ್ಮಂಥ ಸಾಫ್ಟ್‌ವೇರ್ ಜನ. ಪೂರ್ವಕ್ಕೆ ಮಳೆ ಅಪರೂಪವಾದ ಬಯಲು, ಗೋಧಿ, ನೀರು ಹಾಯಿಸಿ ಬೆಳೆದ ಸೇಬು. ಹೆಸರೆಲ್ಲ ಪಶ್ಚಿಮದವರಿಗೇ. ರಾಜ್ಯದ ಅಡ್ಡಹೆಸರೇ ‘ಎವರ್‌ಗ್ರೀನ್’, ಸದಾ ಹಸಿರು.

ಪ್ರಸನ್ನ ಮೊದಲ ಪ್ರತಿಯನ್ನು ಪರದೆಯ ಮೇಲೆ ಹಾಕಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಚೆನ್ನಾಗಿಯೇ ಇತ್ತು, ಹಾಳಾದ್ದು. ನಕ್ಷೆಯಲ್ಲಿ ನೆಲದ ಎತ್ತರ ತೋರಿಸಲು ಹಳೆಯದೊಂದು ರೂಢಿಯಿದೆ: ತಗ್ಗಿಗೆ ಹಸಿರು, ಎತ್ತರಕ್ಕೆ ಕಂದು. ಅವನು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಹಾಗಾಗಿ ತಗ್ಗಿನಲ್ಲಿರುವ ಪೂರ್ವದ ಒಣ ಬಯಲು ಹಸಿರಾಗಿತ್ತು, ಕಾಡು ತುಂಬಿದ ಬೆಟ್ಟಗಳು ಕಂದಾಗಿದ್ದವು. ನಾನು ಚಳ್ಳಕೆರೆಯವಳು. ಒಣ ನೆಲವನ್ನು ನನಗೆ ಯಾರೂ ಪರಿಚಯಿಸಬೇಕಿಲ್ಲ.

“ಆ ಕಡೆ ಅಷ್ಟು ಹಸಿರು ಎಲ್ಲಿದೆಯೋ?” ಎಂದೆ.

“ಅಕ್ಕಾ, ಅದು ಹೈಟ್ ತೋರ್ಸೋ ಬಣ್ಣ. ಮೂಲೇಲಿ ಬರ್ದಿದೀನಲ್ಲ,” ಎಂದ.

ಮೂಲೆಯಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ವಾದಿಸಿದೆ. ಒಬ್ಬರೂ ನನ್ನ ಪರ ನಿಲ್ಲಲಿಲ್ಲ. ‘ಸುಮಾಗೆ ಹೊಟ್ಟೆಕಿಚ್ಚು’ ಎಂದು ನನ್ನ ಬಗ್ಗೆ ಅಂದುಕೊಳ್ಳುತ್ತಿದ್ದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಕಿಚ್ಚು ಇದ್ದದ್ದು ನಿಜ. ನಾನು ಹೇಳಿದ್ದೂ ನಿಜವೇ.

ಅಚ್ಚಿಗೆ ಮೊದಲು ನಕ್ಷೆಯನ್ನು ಆಯಾ ಜಾಗದವರಿಗೆ ತೋರಿಸುವುದು ನಮ್ಮಲ್ಲಿ ಪದ್ಧತಿ. ಪೂರ್ವದ ಬಯಲಿನಿಂದ ಡೇಲ್ ಎಂಬ ನಿವೃತ್ತ ಶಾಲಾ ಮಾಸ್ತರು ಬಂದರು. ಬಹಳ ಹೊತ್ತು ಕೈಕಟ್ಟಿ ನಿಂತು ನೋಡಿದರು.

“ನಮ್ಮ ಬಯಲನ್ನೂ ಸಿಯಾಟಲ್ ಮಾಡಿಬಿಟ್ಟಿದ್ದೀರಿ. ನಾವು ಎಲ್ಲಿದ್ದೇವೆ ಇದರಲ್ಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಆ ದನಿಯ ಉರಿ ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರಿಗೇ ಹೆಸರು ಹೋಗುವುದನ್ನು ನೋಡುತ್ತ ಕೂತವರ ಉರಿ ಅದು. ಮನಸ್ಸಿನಲ್ಲೇ ಹಿಗ್ಗಿದೆ. ಪ್ರಸನ್ನ ಮುಖ ಸಪ್ಪೆ ಮಾಡಿಕೊಳ್ಳುತ್ತಾನೆ ಎಂದು ಕಾದೆ. ಅವನು ನೇರ ನನ್ನ ಮೇಜಿಗೆ ಬಂದ.

“ನೀವ್ ಹೇಳಿದ್ದೇ ಸರಿ ಅಕ್ಕಾ. ಆ ಬಣ್ಣ ನಂಗೆ ಬರಲ್ಲ, ನೀವೇ ಹಾಕ್ಕೊಡಿ.”

ಎತ್ತರದ ಬಣ್ಣಗಳನ್ನು ತೆಗೆದು, ಬೆಟ್ಟಗಳಿಗೆ ಕಾಡಿನ ಹಸಿರು ಕೊಟ್ಟೆ. ಬಯಲಿಗೆ ಸುಗ್ಗಿ ಮುಗಿದ ಚಳ್ಳಕೆರೆಯ ಹೊಲದ ಬಣ್ಣ ಹಾಕಿದೆ. ಎರಡನೆಯ ಪ್ರತಿಯಲ್ಲಿ ಡೇಲ್ ತಮ್ಮ ಊರಿನ ಮೇಲೆ ಬೆರಳಿಟ್ಟು ತಲೆಯಾಡಿಸಿದರು.

ಟೀಮ್ ಲೀಡ್ ಆದವನು ಪ್ರಸನ್ನ. ತಪ್ಪನ್ನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವವನು ಸಿಗುವುದು ಕಷ್ಟ ಎಂದು ಕ್ಯಾರೆನ್ ಕಾರಣ ಕೊಟ್ಟಳು. ಸರಿ ಹೇಳಿದವಳಿಗೆ ಏನು ಸಿಗಬೇಕೆಂದು ಅವಳು ಹೇಳಲಿಲ್ಲ.

ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಹಾಕುವ ಮೊದಲು ನಕ್ಷೆಯನ್ನು ಇನ್ನೊಮ್ಮೆ ನೋಡಬೇಕು ಎಂಬುದು ಆ ಕೆಲಸ ಕಲಿಸಿದ ಪಾಠ. ಈಗಲೂ ಆ ಗೋಡೆಯ ಮುಂದೆ ಬಂದವರು ಮೊದಲು ತಮ್ಮ ಊರು ಹುಡುಕುತ್ತಾರೆ. ನಾನು ಕೆಳಗಿನ ಮೂಲೆ ನೋಡುತ್ತೇನೆ. ಅಲ್ಲಿ ಪ್ರಸನ್ನನ ಹೆಸರಿನ ಕೆಳಗೆ ನನ್ನದಿದೆ. ಮೂಲೆಯಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ವಾದಿಸಿದವಳು ನಾನೇ.